ಹೆಸರಿಲ್ಲದ ಸೋದರತ್ತೆ

ಮನೆತನದ ಹಿರಿಮೆಯನ್ನು ಸಾರುವ ಗ್ರಂಥಗಳು ಎಲ್ಲ ಭಾಷೆಗಳಲ್ಲಿಯೂ ಹೇರಳವಾಗಿವೆ. ಮನೆತನವು ಯಾರ ಕಿವಿಗೂ ಬೀಳಬಾರದೆಂದು ಮುಚ್ಚಿಟ್ಟ ಸಂಗತಿಯಿಂದಲೇ ಪ್ರಾರಂಭವಾಗುವ ಗ್ರಂಥ ಅಪರೂಪ. 1976ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮ್ಯಾಕ್ಸೀನ್ ಹಾಂಗ್ ಕಿಂಗ್‌ಸ್ಟನ್ ಅವರ ‘ದಿ ವುಮನ್ ವಾರಿಯರ್’ ಅಂತಹದೊಂದು ಕೃತಿ. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಎಂಬ ಊರಿನಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸುತ್ತಿದ್ದ ಚೀನೀ ದಂಪತಿಗಳ ಮಗಳು ಈ ಲೇಖಕಿ. ಆಕೆ ಮೈನೆರೆದ ಹೊತ್ತಿಗೆ ತಾಯಿ ಹತ್ತಿರ ಕರೆದು, ಬೇರೆಯವರ ಮುಂದೆ ಬಾಯಿಬಿಡಕೂಡದೆಂದು ಎಚ್ಚರಿಸಿ ಒಂದು ಸಂಗತಿಯನ್ನು ಹೇಳುತ್ತಾಳೆ. ತಂದೆಗೆ ಚೀನಾದಲ್ಲಿ ಒಬ್ಬ ತಂಗಿಯಿದ್ದಳು. ಅವಳ ಗಂಡ ದುಡಿಮೆಗಾಗಿ ಅಮೆರಿಕಕ್ಕೆ ಹೋಗಿ ವರ್ಷಗಳಾಗಿದ್ದವು. ಅವಳು ಗರ್ಭಿಣಿಯಾದಳು. ಹೆರಿಗೆಯ ರಾತ್ರಿ ಊರಿನವರು ಗುಂಪುಗೂಡಿ ಬಂದು ಮನೆಯನ್ನು ಹಾಳುಗೆಡವಿದರು, ಸಾಕಿದ ಪ್ರಾಣಿಗಳನ್ನು ಕಡಿದರು. ಅವಳು ಹಂದಿಯ ಗೂಡಿನಲ್ಲಿ ಹೆತ್ತಳು. ಬೆಳಗಾದಾಗ ತಾಯಿಯೂ ಕೂಸೂ ಮನೆಯ ಬಾವಿಯಲ್ಲಿದ್ದರು. ಅಂದಿನಿಂದ ಅವಳು ಹುಟ್ಟಿಯೇ ಇರಲಿಲ್ಲವೆಂಬಂತೆ ಆ ಮನೆಯವರು ನಡೆದುಕೊಂಡರು.

ಮಗಳಿಗೆ ಆ ಸೋದರತ್ತೆಯ ಹೆಸರನ್ನು ಕೇಳುವ ಧೈರ್ಯವಾಗಲಿಲ್ಲ. ಆದುದರಿಂದ ಗ್ರಂಥದಲ್ಲಿಯೂ ಅವಳಿಗೆ ಹೆಸರಿಲ್ಲ.

ಇಂಗ್ಲಿಷಿನಲ್ಲಿ ಬರೆದ ಲೇಖಕಿ ಅವಳನ್ನು ‘ಆಂಟ್’ ಎಂದಷ್ಟೇ ಕರೆಯಬೇಕಾಯಿತು. ಆ ಭಾಷೆಯಲ್ಲಿ ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ ಎಲ್ಲರಿಗೂ ಅದೊಂದೇ ಶಬ್ದ. ಚೀನೀ ಭಾಷೆಯಲ್ಲಿ ನಮ್ಮಲ್ಲಿರುವಂತೆಯೇ ತಂದೆಯ ಕಡೆಯವರಿಗೆ ಬೇರೆ, ತಾಯಿಯ ಕಡೆಯವರಿಗೆ ಬೇರೆ, ಹಿರಿಯರಿಗೆ ಬೇರೆ, ಕಿರಿಯರಿಗೆ ಬೇರೆ ಹೆಸರುಗಳಿವೆ. ಕನ್ನಡದ ಓದುಗರು ‘ಸೋದರತ್ತೆ’ ಎಂದು ಮನಸ್ಸಿನಲ್ಲಿ ಅಂದುಕೊಂಡು ಈ ಅಧ್ಯಾಯವನ್ನು ಓದಿದರೆ ಅದರ ನೋವು ಇನ್ನೂ ಹತ್ತಿರ ಬಂದೀತೆಂದು ನಮಗೆ ಅನ್ನಿಸುತ್ತದೆ. ನಮ್ಮ ಮನೆಗಳಲ್ಲಿ ತೊಟ್ಟಿಲಲ್ಲಿ ಹಾಕಿದ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆಯೇ ಅಲ್ಲವೇ? ಹೆಸರಿಡಬೇಕಾದವಳಿಗೇ ಹೆಸರಿಲ್ಲದಂತಾದ ಮನೆ ಅದು.

ಚೀನಾ ಮೂಲದ ಅಮೆರಿಕನ್ ಲೇಖಕರ ಕಥಾಸಾಹಿತ್ಯವನ್ನು ಈ ಅಂಕಣಕ್ಕೆ ಆರಿಸಿಕೊಂಡುದಕ್ಕೆ ಕಾರಣವಿದೆ. ನಮ್ಮ ಓದುಗರ ಪೈಕಿ ಮಗನೋ ಮಗಳೋ ಮೊಮ್ಮಕ್ಕಳೋ ಆ ದೇಶದಲ್ಲಿ ನೆಲೆಸಿರುವ ಕುಟುಂಬಗಳು ಈಗ ಕಡಿಮೆಯಿಲ್ಲ. ಹೊರದೇಶದಲ್ಲಿ ಬೆಳೆಯುವ ಮಕ್ಕಳಿಗೆ ಮನೆತನದ ಯಾವ ಭಾಗ ದಾಟುತ್ತದೆ, ಯಾವುದು ದಾಟದೆ ನಿಂತುಹೋಗುತ್ತದೆ ಎಂಬ ಪ್ರಶ್ನೆಯನ್ನು ಚೀನೀಯರು ನಮಗಿಂತ ನೂರು ವರ್ಷ ಮೊದಲೇ ಎದುರಿಸಿದರು. ಅವರ ಲೇಖಕರು ಅದನ್ನು ಬಹಳ ಕಟುವಾಗಿ, ಒಮ್ಮೊಮ್ಮೆ ನಗಿಸುತ್ತಲೂ, ಬರೆದಿಟ್ಟಿದ್ದಾರೆ. ಅವರ ಕೃತಿಗಳನ್ನು ಸಾಲಾಗಿ ಓದಿದಾಗ ನಮಗೆ ಕಂಡುಬಂದದ್ದು ಇದು: ಅಲ್ಲಿನ ಮಕ್ಕಳಿಗೆ ತಂದೆತಾಯಿಗಳ ಆಚಾರವು ಭಾರವಾದುದಕ್ಕಿಂತ ಅವರ ಮೌನವು ಹೆಚ್ಚು ಭಾರವಾಗಿದೆ.

ಆ ಮೌನಕ್ಕೆ ಸ್ವಭಾವವಷ್ಟೇ ಕಾರಣವಲ್ಲ, ಕಾನೂನೂ ಕಾರಣ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಚಿನ್ನದ ಗಣಿಗಳಿಗೂ, 1869ರಲ್ಲಿ ಪೂರ್ಣಗೊಂಡ ಖಂಡಾಂತರ ರೈಲುದಾರಿಯ ನಿರ್ಮಾಣಕ್ಕೂ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದಿಂದ ಸಹಸ್ರಾರು ಮಂದಿ ಅಮೆರಿಕಕ್ಕೆ ಹೋದರು. ಕೆಲಸ ಮುಗಿದ ಮೇಲೆ ಅವರು ಬೇಡವಾದರು. 1882ರಲ್ಲಿ ಚೀನೀ ಕೂಲಿಕಾರರು ಒಳಬರಕೂಡದೆಂಬ ಕಾನೂನಾಯಿತು. ಒಂದು ಜನಾಂಗವನ್ನೇ ಹೆಸರಿಸಿ ಬಾಗಿಲು ಮುಚ್ಚಿದ ಆ ಕಾನೂನು 1943ರವರೆಗೂ ನಡೆಯಿತು. ರದ್ದಾದ ಮೇಲೂ ವರ್ಷಕ್ಕೆ ಕೇವಲ 105 ಮಂದಿಗೆ ಪ್ರವೇಶ. ಹೆಂಗಸರಿಗೆ ಅದಕ್ಕಿಂತ ಮೊದಲೇ, 1875ರ ಇನ್ನೊಂದು ಕಾನೂನಿನಿಂದ, ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. 1890ರ ಹೊತ್ತಿಗೆ ಅಲ್ಲಿನ ಚೀನೀಯರಲ್ಲಿ ಒಬ್ಬ ಹೆಂಗಸಿಗೆ ಸುಮಾರು 27 ಗಂಡಸರಿದ್ದರು. ಊರಿನಲ್ಲಿ ಹೆಂಡತಿ, ಇಲ್ಲಿ ಗಂಡ, ನಡುವೆ ಸಮುದ್ರ. ಬಾವಿಗೆ ಬಿದ್ದ ಸೋದರತ್ತೆಯ ಗಂಡನೂ ಹೀಗೆ ದೂರ ಉಳಿದವರಲ್ಲಿ ಒಬ್ಬ.

ಹೀಗಿರುವಾಗ 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಭೂಕಂಪವಾಯಿತು. ಅದರ ಬೆನ್ನಿಗೇ ಬೆಂಕಿ ಹತ್ತಿ ಜನನದ ದಾಖಲೆಗಳೆಲ್ಲ ಸುಟ್ಟುಹೋದವು. ಅಮೆರಿಕದಲ್ಲಿ ಹುಟ್ಟಿದವನು ಅಲ್ಲಿನ ಪ್ರಜೆ. ಪ್ರಜೆಯ ಮಕ್ಕಳಿಗೆ ಪ್ರವೇಶವುಂಟು. ಅನೇಕ ಚೀನೀಯರು ತಾವು ಅಲ್ಲಿಯೇ ಹುಟ್ಟಿದವರೆಂದು ಹೇಳಿಕೊಂಡರು. ಇಲ್ಲವೆನ್ನಲು ಸರಕಾರದ ಬಳಿ ಕಾಗದವಿರಲಿಲ್ಲ. ಅಂಥವನು ಚೀನಾಕ್ಕೆ ಹೋಗಿಬಂದಾಗಲೆಲ್ಲ ತನಗೆ ಮಗ ಹುಟ್ಟಿದನೆಂದು ಬರೆಸುವನು. ಇಲ್ಲದ ಆ ಮಗನ ಸ್ಥಾನವನ್ನು ಬೇರೊಬ್ಬ ಹುಡುಗ ಹಣ ಕೊಟ್ಟು ಕೊಳ್ಳುವನು. ಹೀಗೆ ಬಂದವರಿಗೆ ‘ಕಾಗದದ ಮಗ’ ಎಂಬ ಹೆಸರು ಬಿತ್ತು. ಇವರನ್ನು ಪತ್ತೆ ಹಚ್ಚಲು ಏಂಜೆಲ್ ಐಲೆಂಡ್ ಎಂಬ ದ್ವೀಪದಲ್ಲಿ 1910ರಿಂದ 1940ರವರೆಗೆ ವಿಚಾರಣೆಯ ಠಾಣೆಯಿತ್ತು. ಹಳ್ಳಿಯಲ್ಲಿ ಮನೆಗಳೆಷ್ಟು, ಬಾವಿ ಯಾವ ದಿಕ್ಕಿಗೆ, ಮೆಟ್ಟಿಲುಗಳೆಷ್ಟು, ಎದುರುಮನೆಯವನ ಹೆಂಡತಿಯ ಹೆಸರೇನು ಎಂದೆಲ್ಲ ಪ್ರಶ್ನೆಗಳು. ಕಾಗದದ ಮಗ ತಾನು ಕಾಣದ ಮನೆಯ ವಿವರಗಳನ್ನು ಬಾಯಿಪಾಠ ಮಾಡಿ, ಬರೆದುಕೊಂಡಿದ್ದ ಪುಸ್ತಕವನ್ನು ದಡ ಮುಟ್ಟುವ ಮೊದಲು ಸಮುದ್ರಕ್ಕೆ ಎಸೆಯುತ್ತಿದ್ದ. ಒಂದು ಉತ್ತರ ತಪ್ಪಿದರೆ ಹಿಂದಿನ ಹಡಗು.

ಇಂಥವನು ಮುಂದೆ ಮದುವೆಯಾಗಿ ಮಕ್ಕಳನ್ನು ಪಡೆದಾಗ ಆ ಮಕ್ಕಳಿಗೆ ಬಂದದ್ದು ಬೇರೆ ಯಾರದೋ ವಂಶದ ಹೆಸರು. ನಿಜವಾದ ಅಡ್ಡಹೆಸರನ್ನು ಮಕ್ಕಳಿಗೆ ಹೇಳಿದರೆ ಶಾಲೆಯಲ್ಲಿ ಬಾಯಿಬಿಟ್ಟಾರು. ಹೇಳದಿದ್ದರೆ ತಾವು ಯಾರೆಂದು ತಿಳಿಯದೆ ಬೆಳೆದಾರು. ಬಹುಮಂದಿ ಹೇಳದೆ ಉಳಿದರು. 1956ರಲ್ಲಿ ಸರಕಾರ ನಿಜ ಒಪ್ಪಿಕೊಳ್ಳುವವರಿಗೆ ಒಂದು ಅವಕಾಶ ಕೊಟ್ಟಿತಾದರೂ, ಒಬ್ಬ ಒಪ್ಪಿದರೆ ಅವನ ಕಾಗದದ ಅಣ್ಣತಮ್ಮಂದಿರೆಲ್ಲರ ಗುಟ್ಟು ರಟ್ಟಾಗುತ್ತಿತ್ತು. ಹೆದರಿಕೆ ಮನೆಯೊಳಗೆ ಹಾಗೆಯೇ ಉಳಿಯಿತು. ಕಿಂಗ್‌ಸ್ಟನ್ ಅವರ ಮನೆಯಲ್ಲಿ ಬಿಳಿಯರಿಗೆ ‘ದೆವ್ವ’ಗಳೆಂದೇ ಹೆಸರು. ಅಂಚೆಯವನು ಒಂದು ದೆವ್ವ, ಉಪಾಧ್ಯಾಯಿನಿ ಒಂದು ದೆವ್ವ. ದೆವ್ವಗಳ ಮುಂದೆ ಮನೆಯ ಮಾತು ಆಡಕೂಡದು. ಮಕ್ಕಳೋ ದೆವ್ವಗಳ ನಡುವೆಯೇ ಹುಟ್ಟಿದವರು, ಆದುದರಿಂದ ಅವರಿಗೂ ಪೂರ್ತಿ ಹೇಳಕೂಡದು. ಓದುತ್ತ ಹೋದಂತೆ ನಗು ಬರುತ್ತದೆ. ಆದರೆ ಶಾಲೆಯಲ್ಲಿ ಮಾತೇ ಹೊರಡದ ಹುಡುಗಿಯೊಬ್ಬಳನ್ನು, ತಾನೂ ಮಾತು ಕಳೆದುಕೊಂಡಿದ್ದ ಈ ಕಥನಗಾರ್ತಿ ಕೆನ್ನೆ ಹಿಂಡಿ, ಕೂದಲೆಳೆದು, ಮಾತಾಡೆಂದು ಪೀಡಿಸುವ ಪ್ರಕರಣಕ್ಕೆ ಬಂದಾಗ ಆ ನಗು ನಿಂತುಹೋಗುತ್ತದೆ.

ಲೂಯಿಸ್ ಚು ಅವರ ‘ಈಟ್ ಎ ಬೌಲ್ ಆಫ್ ಟೀ’ 1961ರಲ್ಲಿಯೇ ನ್ಯೂಯಾರ್ಕಿನ ಒಂಟಿ ಗಂಡಸರ ಕೇರಿಯನ್ನು ಚಿತ್ರಿಸಿತ್ತು. ಊರಿನಿಂದ ಸೊಸೆ ಬಂದೊಡನೆ ಆ ಕೇರಿಯ ಮರ್ಯಾದೆಯೆಲ್ಲ ಅವಳೊಬ್ಬಳ ಸೆರಗಿಗೆ ಕಟ್ಟಿದಂತಾಗುವುದನ್ನು ಅದು ಹಾಸ್ಯದಿಂದಲೇ ಹೇಳುತ್ತದೆ. ಆದರೆ ಕಾಗದದ ಮಗನ ಮನೆಯನ್ನು ಒಳಗಿನಿಂದ ತೋರಿಸಿದ ಕಾದಂಬರಿ 1993ರಲ್ಲಿ ಬಂದ ಫೇ ಮಿಯೆನ್ ಇಂಗ್ ಅವರ ‘ಬೋನ್’. ಎಲುಬು ಎಂದರ್ಥ. ಸಣ್ಣ ಪುಸ್ತಕ, ನಮ್ಮ ಮಟ್ಟಿಗೆ ಈ ಸಾಹಿತ್ಯದಲ್ಲಿ ಇದಕ್ಕೇ ಮೊದಲ ಸ್ಥಾನ.

ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಕೇರಿಯಲ್ಲಿ ಲಿಯಾನ್ ಎಂಬ ಹಡಗಿನ ಕೆಲಸಗಾರ, ಹೊಲಿಗೆಯಿಂದ ಜೀವನ ಸಾಗಿಸುವ ಅವನ ಹೆಂಡತಿ, ಮೂವರು ಹೆಣ್ಣುಮಕ್ಕಳು. ನಡುವಿನ ಮಗಳು ಓನಾ ಎತ್ತರದ ಮಹಡಿಯಿಂದ ಹಾರಿ ಪ್ರಾಣ ಕಳೆದುಕೊಂಡಿದ್ದಾಳೆ. ಏಕೆ ಎಂಬುದಕ್ಕೆ ಕಾದಂಬರಿ ಖಚಿತವಾದ ಉತ್ತರ ಕೊಡುವುದಿಲ್ಲ. ತಾಯಿ ತನ್ನ ಹಳೆಯ ತಪ್ಪನ್ನು ನೆನೆಯುತ್ತಾಳೆ. ಲಿಯಾನ್ ನೆನೆಯುವುದು ಒಂದು ಎಲುಬಿನ ಗಂಟನ್ನು. ಅವನು ಕಾಗದದ ಮಗ. ಹಣದ ಜೊತೆಗೆ ಅವನು ತನ್ನ ಕಾಗದದ ತಂದೆಗೆ ಕೊಟ್ಟ ಮಾತೊಂದಿತ್ತು: ಮುದುಕ ಸತ್ತ ಮೇಲೆ ಅವನ ಅಸ್ಥಿಗಳನ್ನು ಚೀನಾಕ್ಕೆ ಕಳುಹಿಸುವುದು. ಆ ಮಾತು ನಡೆಯಲಿಲ್ಲ. ನೆಲದಲ್ಲಿ ನೆಲೆ ಕಾಣದ ಆ ಎಲುಬುಗಳೇ ತನ್ನ ಮಗಳನ್ನು ಕೊಂಡೊಯ್ದವೆಂದು ಲಿಯಾನ್ ನಂಬಿದ್ದಾನೆ.

ಶರಣರು ಶ್ರಾದ್ಧ ಪಿಂಡಗಳನ್ನು ಒಪ್ಪಿದವರಲ್ಲ. ಸತ್ತವರ ಕೋಪಕ್ಕೆ ಬದುಕಿದವರು ಹೆದರಬೇಕೆಂಬ ಮಾತೂ ನಮ್ಮ ಧರ್ಮದ್ದಲ್ಲ. ಆದಾಗ್ಯೂ ಮಣ್ಣಿಗೆ ಒಪ್ಪಿಸುವ ಪದ್ಧತಿಯಿರುವ ನಮಗೆ, ತನ್ನ ಊರಿನ ಹೊಲದ ಬದಿಯಲ್ಲಿ ಮಲಗಬೇಕೆಂಬ ಮುದುಕನ ಆಸೆ ಅರ್ಥವಾಗದ ಸಂಗತಿಯಲ್ಲ.

ಈ ಕಾದಂಬರಿಯ ಒಂದು ಪ್ರಸಂಗವನ್ನು ಓದುಗರ ಗಮನಕ್ಕೆ ವಿಶೇಷವಾಗಿ ತರಬಯಸುತ್ತೇವೆ. ಲಿಯಾನ್‌ನ ವೃದ್ಧಾಪ್ಯದ ಹಣಕ್ಕಾಗಿ ಹಿರಿಯ ಮಗಳು ಲೀಲಾ ಸರಕಾರಿ ಕಚೇರಿಗೆ ಹೋಗುತ್ತಾಳೆ. ಆಕೆ ಅವನ ಸ್ವಂತ ಮಗಳಲ್ಲ, ತಾಯಿಯ ಮೊದಲ ಗಂಡನ ಮಗಳು. ಲಿಯಾನ್‌ಗೆ ನಾಲ್ಕಾರು ಹುಟ್ಟಿದ ದಿನಾಂಕಗಳು, ಹೆಸರುಗಳು; ಯಾವ ಕಾಗದಕ್ಕೂ ಇನ್ನೊಂದು ಹೊಂದುವುದಿಲ್ಲ. ಆಗ ಅವಳು ಅವನ ಹಳೆಯ ಪೆಟ್ಟಿಗೆಯನ್ನು ತೆರೆದು ನೋಡುತ್ತಾಳೆ. ಅದರ ತುಂಬ ಕಾಗದಗಳೇ. ಕೆಲಸವಿಲ್ಲವೆಂದು ಬಂದ ಪತ್ರ, ಮನೆ ಬಾಡಿಗೆಗಿಲ್ಲವೆಂದು ಬಂದ ಪತ್ರ, ಸೈನ್ಯಕ್ಕೆ ಬೇಡವೆಂದು ಬಂದ ಪತ್ರ, ಊರಿನ ಪತ್ರ, ಹರಿದ ಪತ್ರಿಕೆಯ ತುಣುಕು. ಒಂದನ್ನೂ ಅವನು ಎಸೆದಿಲ್ಲ. ಕಾಗದದಿಂದಲೇ ಈ ದೇಶದಲ್ಲಿ ಹುಟ್ಟಿದವನಿಗೆ ಕಾಗದವೇ ಬಂಧುಬಳಗ. ಬಾಯಿಂದ ಎಂದೂ ಹೇಳದಿದ್ದ ಅವನ ಬಾಳು ಮಗಳಿಗೆ ತಿಳಿದದ್ದು ಆ ಪೆಟ್ಟಿಗೆಯಿಂದ. ರಕ್ತಸಂಬಂಧವಿಲ್ಲದ ಅವಳೇ ಆ ಮನೆಯಲ್ಲಿ ಅವನ ನಿಜವಾದ ಮಗಳು ಎಂಬುದನ್ನು ಲೇಖಕಿ ಎಲ್ಲಿಯೂ ಹೇಳುವುದಿಲ್ಲ. ಪೆಟ್ಟಿಗೆಯನ್ನು ತೆರೆದವಳು ಅವಳೆಂದು ಮಾತ್ರ ತೋರಿಸುತ್ತಾರೆ.

ನಮ್ಮವರ ಕಥೆ ಇದಕ್ಕಿಂತ ಸುಲಭವಾದುದೆಂದು ಒಪ್ಪಬೇಕು. ಅಮೆರಿಕದ ಬಾಗಿಲು ಭಾರತೀಯರಿಗೂ 1917ರಲ್ಲಿ ಮುಚ್ಚಿತ್ತು. 1923ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. 1946ರಲ್ಲಿ ವರ್ಷಕ್ಕೆ 100 ಮಂದಿಗೆ ಅವಕಾಶವಾಯಿತು. ಆದರೆ ನಮ್ಮ ವೈದ್ಯರೂ ಎಂಜಿನಿಯರರೂ ಹೆಚ್ಚಾಗಿ ಹೋದದ್ದು 1965ರ ಉದಾರ ಕಾನೂನು ಬಂದ ಮೇಲೆ, ತಮ್ಮ ಸ್ವಂತ ಹೆಸರಿನ ಪಾಸ್‌ಪೋರ್ಟಿನ ಮೇಲೆಯೇ. ಹೆಚ್ಚೆಂದರೆ, ಹಳೆಯ ಮೈಸೂರಿನ ಕಡೆಯವರಿಗೆ ಅಡ್ಡಹೆಸರಿಲ್ಲದುದರಿಂದ ತಂದೆಯ ಹೆಸರೋ ಊರಿನ ಹೆಸರೋ ಅಲ್ಲಿನ ಅರ್ಜಿಯಲ್ಲಿ ವಂಶದ ಹೆಸರಾಗಿ ಕುಳಿತು ಮೊಮ್ಮಕ್ಕಳವರೆಗೂ ನಡೆದಿರಬಹುದು. ಅದು ತಮಾಷೆಯ ಮಾತು, ಹೆದರಿಕೆಯ ಮಾತಲ್ಲ. ಹಾಗಿದ್ದ ಮೇಲೆ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳದೆ ಉಳಿಯುವುದಕ್ಕೆ ಕಾನೂನಿನ ನೆವ ಇಲ್ಲ. ನಮ್ಮಲ್ಲಿ ಅಡ್ಡಬರುವುದು ಭಾಷೆ. ಇಷ್ಟಲಿಂಗವನ್ನು ಧರಿಸಿದ, ವಚನಗಳನ್ನು ರೋಮನ್ ಲಿಪಿಯಲ್ಲಿ ಬರೆದುಕೊಂಡು ಶುದ್ಧವಾಗಿ ಹೇಳುವ ಮಗು, ಅಜ್ಜಿಯೊಡನೆ ದೂರವಾಣಿಯಲ್ಲಿ ಎರಡು ಮಾತಾದ ಮೇಲೆ ಅದನ್ನು ತಾಯಿಯ ಕೈಗೆ ದಾಟಿಸಿಬಿಡುತ್ತದೆ.

ಈ ಭಾಷೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಏಮಿ ಟಾನ್. ಅವರ ‘ದಿ ಜಾಯ್ ಲಕ್ ಕ್ಲಬ್’ 1989ರಲ್ಲಿ ಪ್ರಕಟವಾಗಿ ಬಹಳ ಜನಪ್ರಿಯವಾಯಿತು. 1993ರಲ್ಲಿ ಚಲನಚಿತ್ರವೂ ಆಯಿತು. ನಾಲ್ವರು ತಾಯಂದಿರು, ಅವರ ನಾಲ್ವರು ಹೆಣ್ಣುಮಕ್ಕಳು. ತಾಯಂದಿರು ಚೀನಾದ ಯುದ್ಧಕಾಲದ ಸಂಕಟಗಳನ್ನು ದಾಟಿ ಬಂದವರು. ಹೆಣ್ಣುಮಕ್ಕಳು ಅಮೆರಿಕದಲ್ಲಿ ಹುಟ್ಟಿದವರು, ತಾಯಂದಿರ ಒಡಕು ಇಂಗ್ಲಿಷಿಗೆ ನಾಚಿಕೊಳ್ಳುವವರು. ಮಗಳು ಚದುರಂಗದಲ್ಲಿ ಗೆದ್ದರೆ ತಾಯಿ ಸಂತೆಯಲ್ಲಿ ಎಲ್ಲರಿಗೂ ತೋರಿಸುತ್ತಾಳೆ. ತನ್ನನ್ನು ಒಡವೆಯಂತೆ ಪ್ರದರ್ಶಿಸಬೇಡವೆಂದು ಮಗಳು ಬೀದಿಯಲ್ಲಿಯೇ ಸಿಡಿಯುತ್ತಾಳೆ. ಅದೇ ಮಗಳು ಮುಂದೆ ತಾನು ಮದುವೆಯಾಗಲಿರುವ ಬಿಳಿಯನನ್ನು ಊಟಕ್ಕೆ ಕರೆತರುತ್ತಾಳೆ. ತಾಯಿ ತನ್ನ ಕೈರುಚಿಯ ಅತ್ಯುತ್ತಮ ಅಡುಗೆಯನ್ನು ಬಡಿಸಿ, ಉಪ್ಪು ಸಾಲದು, ಚೆನ್ನಾಗಿಲ್ಲ ಎಂದು ಹೇಳುತ್ತಾಳೆ. ತಿಂದವರು ಹೊಗಳಬೇಕೆಂಬುದು ಆ ಮಾತಿನ ಅರ್ಥ. ಆ ಹುಡುಗ ಸದ್ಭಾವದಿಂದಲೇ, ಅದಕ್ಕೇನಂತೆ ಎಂದುಕೊಂಡು, ಮೇಜಿನ ಮೇಲಿದ್ದ ಸೋಯಾ ರಸವನ್ನು ಅಡುಗೆಯ ಮೇಲೆ ಸುರಿಯುತ್ತಾನೆ! ಹೋಳಿಗೆ, ಕೋಸಂಬರಿ, ಐದಾರು ಪಲ್ಯ ಬಡಿಸಿದ ಎಲೆಯ ಮುಂದೆ ನಿಂತು ‘ಏನೂ ಮಾಡಲಾಗಲಿಲ್ಲ’ ಎನ್ನುವ ನಮ್ಮ ಗೃಹಿಣಿಯರಿಗೆ ಈ ಪ್ರಸಂಗವನ್ನು ವಿವರಿಸಬೇಕಾಗಿಲ್ಲ.

ಆದರೆ ಕಾದಂಬರಿಯ ಜೀವ ಬೇರೆಡೆ ಇದೆ. ಸುಯುವಾನ್ ಎಂಬ ತಾಯಿ ತೀರಿಕೊಂಡಿದ್ದಾಳೆ. ಆಕೆಯ ಗೆಳತಿಯರು ಮಜಾಂಗ್ ಎಂಬ ಪಗಡೆಯಂಥ ಆಟದ ಮೇಜಿನಲ್ಲಿ ಮಗಳು ಜಿಂಗ್‌ಮೇಯನ್ನು ತಾಯಿಯ ಜಾಗದಲ್ಲಿ ಕೂರಿಸಿ ಒಂದು ವಿಷಯ ತಿಳಿಸುತ್ತಾರೆ. ಜಪಾನೀಯರ ದಾಳಿಯ ಕಾಲದಲ್ಲಿ ಓಡಿಬರುವಾಗ ಸುಯುವಾನ್ ದಾರಿಯಲ್ಲಿ ಬಿಟ್ಟುಬರಬೇಕಾದ ಅವಳಿ ಹೆಣ್ಣುಕೂಸುಗಳು ಬದುಕಿದ್ದಾರೆ, ಪತ್ತೆಯಾಗಿದ್ದಾರೆ. ನೀನು ಹೋಗಿ ಅವರಿಗೆ ತಾಯಿಯ ವಿಷಯ ಹೇಳಬೇಕು ಎನ್ನುತ್ತಾರೆ. ತಾಯಿಯ ಬಗ್ಗೆ ನಾನೇನು ಹೇಳಬಲ್ಲೆ, ನನಗೇನು ಗೊತ್ತು ಎಂದು ಮಗಳು ಕೇಳಿಬಿಡುತ್ತಾಳೆ. ಆ ಮೂವರು ಹೆಂಗಸರೂ ಬೆಚ್ಚುತ್ತಾರೆ. ಸತ್ತವಳ ಮಗಳ ಮುಖದಲ್ಲಿ ಅವರಿಗೆ ಕಂಡದ್ದು ಬದುಕಿರುವ ತಮ್ಮ ಹೆಣ್ಣುಮಕ್ಕಳು. ನಾಳೆ ತಮ್ಮ ಬಗ್ಗೆಯೂ ಅವರಿಗೆ ಹೇಳಲು ಏನೂ ಇರಲಾರದು. ಕಾದಂಬರಿಯ ಉಳಿದ ಕಥೆಗಳೆಲ್ಲ ಆ ಬೆಚ್ಚಿದ ಘಳಿಗೆಯಿಂದ ಹುಟ್ಟಿಬಂದಂತಿವೆ.

ಮಗಳು ತಂದೆಯೊಡನೆ ಚೀನಾಕ್ಕೆ ಹೋಗುತ್ತಾಳೆ. ರಾತ್ರಿ ತಂಗಿದ ಹೋಟೆಲಿನಲ್ಲಿ ತಂದೆ ಆ ಅವಳಿಗಳ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳತೊಡಗುತ್ತಾನೆ. ಮಗಳು ತಡೆದು, ಚೀನೀ ಭಾಷೆಯಲ್ಲಿಯೇ ಹೇಳು, ನನಗೆ ತಿಳಿಯುತ್ತದೆ ಎನ್ನುತ್ತಾಳೆ. ಇಡೀ ಪುಸ್ತಕದಲ್ಲಿ ನಮಗೆ ಅತ್ಯಂತ ಪ್ರಿಯವಾದ ಸ್ಥಳ ಇದು. ಮೂವತ್ತಾರು ವರ್ಷದ ಹೆಂಗಸು, ಬಾಲ್ಯದಿಂದ ದೂರವಿಟ್ಟ ಭಾಷೆಯನ್ನು ಅಲ್ಲಿ ತಾನೇ ಕೇಳಿ ಪಡೆಯುತ್ತಾಳೆ.

ಕಾದಂಬರಿಯ ಹಿಂದೆ ನಿಜಜೀವನವೂ ಇದೆ. ಟಾನ್ ಅವರ ತಾಯಿಯೂ ಹಿಂದಿನ ಮದುವೆಯ ಮೂವರು ಹೆಣ್ಣುಮಕ್ಕಳನ್ನು ಚೀನಾದಲ್ಲಿ ಬಿಟ್ಟು ಬಂದವರು. 1987ರಲ್ಲಿ ತಾಯಿಯೊಡನೆ ಹೋಗಿ ಲೇಖಕಿ ಆ ಅಕ್ಕಂದಿರನ್ನು ಕಂಡರು. 1990ರ ಒಂದು ಪ್ರಬಂಧದಲ್ಲಿ ಅವರು ತಮ್ಮ ತಾಯಿಯ ಇಂಗ್ಲಿಷಿನ ಬಗ್ಗೆ ಬರೆದಿದ್ದಾರೆ. ಆಕೆಯ ಮಾತನ್ನು ಅಂಗಡಿಯವರೂ ಆಸ್ಪತ್ರೆಯವರೂ ಲಕ್ಷಿಸುತ್ತಿರಲಿಲ್ಲವಾದುದರಿಂದ, ಹುಡುಗಿಯಾಗಿದ್ದ ಮಗಳು ತಾನೇ ತಾಯಿಯೆಂದು ಹೇಳಿಕೊಂಡು ದೂರವಾಣಿಯಲ್ಲಿ ಮಾತಾಡುತ್ತಿದ್ದಳಂತೆ. ಆ ತಾಯಿ ಹಣಕಾಸಿನ ಪತ್ರಿಕೆಗಳನ್ನು ಸಲೀಸಾಗಿ ಓದಬಲ್ಲವಳು. ಭಾಷೆ ಒಡಕಾದರೆ ಬುದ್ಧಿಯೂ ಒಡಕೆಂದು ಹೊರಗಿನವರು ತಿಳಿದರು. ಸ್ವಲ್ಪಕಾಲ ಮಗಳೂ ಹಾಗೆಯೇ ತಿಳಿದಿದ್ದಳು. ಕಾದಂಬರಿ ಬರೆಯುವಾಗ ಟಾನ್ ತಮ್ಮ ಓದುಗಳೆಂದು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಆ ತಾಯಿಯನ್ನೇ.

ಈ ಲೇಖಕಿಯರ ಮೇಲೆ ಅವರ ಜನಾಂಗದವರಿಂದಲೇ ಕಠೋರವಾದ ಆಕ್ಷೇಪಣೆ ಬಂದುದನ್ನೂ ಹೇಳಬೇಕು. ಫ್ರಾಂಕ್ ಚಿನ್ ಎಂಬ ನಾಟಕಕಾರರು, ಕಿಂಗ್‌ಸ್ಟನ್ ಮತ್ತು ಟಾನ್ ಚೀನಾದ ಪುರಾಣಕಥೆಗಳನ್ನು ಕೆಡಿಸಿ, ಚೀನೀ ಗಂಡಸರೆಲ್ಲ ಕ್ರೂರಿಗಳೆಂದು ಬಿಳಿಯರು ಮೆಚ್ಚುವಂತೆ ಬರೆದರೆಂದು ದೂರಿದರು. ಗಂಡುಡುಗೆ ತೊಟ್ಟು ತಂದೆಯ ಬದಲು ಯುದ್ಧಕ್ಕೆ ಹೋದ ಮುಲಾನ್ ಎಂಬ ವೀರೆಯ ಬೆನ್ನ ಮೇಲೆ ಅಕ್ಷರ ಕೆತ್ತಿದರೆಂದು ಕಿಂಗ್‌ಸ್ಟನ್ ಬರೆದಿದ್ದಾರೆ. ಐತಿಹ್ಯದಲ್ಲಿ ಅದು ಯುವೆ ಫೇ ಎಂಬ ಸೇನಾನಿಯ ಕಥೆ. ಈ ದೂರಿನಲ್ಲಿ ಸ್ವಲ್ಪ ಸತ್ಯವಿದೆ. ಟಾನ್ ಅವರ ಗಂಡಸರು ನೆರಳುಗಳಂತಿದ್ದಾರೆ; ತಾಯಂದಿರ ಕಷ್ಟಗಳನ್ನು ಕೆಲವೆಡೆ ಅತಿಯಾಗಿ ಅಲಂಕರಿಸಿದ್ದಾರೆಂದೂ ನಮಗೆ ಅನ್ನಿಸುತ್ತದೆ. ಆದರೆ ಕಥೆಗೆ ಒಂದೇ ರೂಪವಿರಬೇಕೆಂಬ ವಾದವನ್ನು ನಾವು ಒಪ್ಪಲಾರೆವು. ನಮ್ಮಲ್ಲಿಯೇ ಹರಿಹರನ ಅಲ್ಲಮ ಕಾಮಲತೆಯನ್ನು ಪ್ರೀತಿಸಿ, ಅವಳನ್ನು ಕಳೆದುಕೊಂಡು ಹಂಬಲಿಸಿ, ಅನಂತರ ಗುರುವನ್ನು ಕಂಡವನು. ಚಾಮರಸನ ಅಲ್ಲಮನನ್ನು ಮಾಯೆ ಮುಟ್ಟಲೂ ಆಗಲಿಲ್ಲ. ಎರಡನ್ನೂ ನಾವು ಇಟ್ಟುಕೊಂಡಿದ್ದೇವೆ. ಅದರಿಂದ ಅಲ್ಲಮಪ್ರಭುವಿಗೆ ಕೊರತೆಯೇನೂ ಆಗಿಲ್ಲ. ತಾಯಿಯ ಬಾಯಿಂದ ಅರ್ಧಂಬರ್ಧ ಕೇಳಿದುದನ್ನು ಮಗಳು ತನಗೆ ತಿಳಿದಂತೆ ಕೂಡಿಸಿಕೊಳ್ಳುತ್ತಾಳೆ. ಪೂರ್ತಿಯಾಗಿ ಹೇಳದಿದ್ದವರು ಆಮೇಲೆ ತಪ್ಪು ಹುಡುಕುವುದು ನ್ಯಾಯವೂ ಅಲ್ಲ.

ಗಿಶ್ ಜೆನ್ ಅವರ ‘ಮೋನಾ ಇನ್ ದಿ ಪ್ರಾಮಿಸ್ಡ್ ಲ್ಯಾಂಡ್’ 1996ರಲ್ಲಿ ಬಂದ ಹಾಸ್ಯಕಾದಂಬರಿ. ನ್ಯೂಯಾರ್ಕಿನ ಹತ್ತಿರದ ಯೆಹೂದ್ಯರೇ ಹೆಚ್ಚಾಗಿರುವ ಬಡಾವಣೆಯಲ್ಲಿ, 1968ರಲ್ಲಿ, ಚಾಂಗ್ ಕುಟುಂಬ ನೆಲೆಸುತ್ತದೆ. ಮಗಳು ಮೋನಾ ತಾನಾಗಿ ಶಾಸ್ತ್ರವನ್ನು ಓದಿ, ವಿಧಿಪೂರ್ವಕವಾಗಿ ಯೆಹೂದ್ಯಳಾಗುತ್ತಾಳೆ. ಅಮೆರಿಕನ್ ಆಗುವುದೆಂದರೆ ತನಗೆ ಬೇಕಾದುದು ಆಗುವುದು ಎಂಬುದು ಅವಳ ತರ್ಕ. ತಾಯಿ ಹೆಲೆನ್‌ಗೆ ಇದು ತಲೆಕೆಳಗಾದ ಮಾತು: ಚೀನೀಯಳಾಗಿ ಹುಟ್ಟಿದವಳು ಇನ್ನೇನಾದರೂ ಆಗುವುದು ಹೇಗೆ? ತಾಯಿಮಗಳ ನಡುವೆ ಬಿರುಕು ಬೀಳುತ್ತದೆ, ಮಾತು ನಿಲ್ಲುತ್ತದೆ. ಬಹುಕಾಲದ ಮೇಲೆ ಮತ್ತೆ ಕೂಡುತ್ತಾರೆ. ತಮಾಷೆಯೆಂದರೆ ಅಕ್ಕ ಕ್ಯಾಲಿ ಕಾಲೇಜಿಗೆ ಹೋಗಿ, ತನ್ನ ಕೋಣೆಯ ಗೆಳತಿಯಾದ ಕಪ್ಪು ಜನಾಂಗದ ಹುಡುಗಿಯಿಂದ ಚೀನೀ ಪದ್ಧತಿಗಳನ್ನು ಕಲಿತು ಬರುತ್ತಾಳೆ! ಜನ್ಮದಿಂದಲ್ಲ, ದೀಕ್ಷೆಯಿಂದಲೂ ನಡೆಯಿಂದಲೂ ಭಕ್ತನಾಗುತ್ತಾನೆಂದು ಸಾರಿದ ಪರಂಪರೆ ನಮ್ಮದು. ಆದರೂ ಹೊರಗಿನಿಂದ ಬಂದ ಸೊಸೆ ಲಿಂಗದೀಕ್ಷೆ ಪಡೆದ ಮೇಲೂ ಅವಳ ಮೂಲವನ್ನು ಕೆದಕುವ ಹಿರಿಯರು ನಮ್ಮ ಮನೆಗಳಲ್ಲಿ ಇಲ್ಲವೆನ್ನಲಾಗದು. ಹೆಲೆನ್ ಅಂಥವರಿಗೆ ಅಪರಿಚಿತಳಲ್ಲ.

ಕೊನೆಯದಾಗಿ ಒಂದು ಸಣ್ಣ ಕಥೆ. ಕೆನ್ ಲ್ಯೂ ಅವರು 1976ರಲ್ಲಿ ಚೀನಾದ ಲಾನ್‌ಜೋ ನಗರದಲ್ಲಿ ಹುಟ್ಟಿ ಬಾಲ್ಯದಲ್ಲಿ ಅಮೆರಿಕಕ್ಕೆ ಬಂದವರು. ಅವರ ‘ದಿ ಪೇಪರ್ ಮೆನಾಜರಿ’ 2011ರಲ್ಲಿ ಪ್ರಕಟವಾಗಿ, ಹ್ಯೂಗೋ, ನೆಬ್ಯುಲಾ, ವರ್ಲ್ಡ್ ಫ್ಯಾಂಟಸಿ ಎಂಬ ಮೂರು ಪ್ರಶಸ್ತಿಗಳನ್ನೂ ಪಡೆದ ಮೊದಲ ಕಥೆಯಾಯಿತು. ಜ್ಯಾಕ್ ಎಂಬ ಹುಡುಗನ ತಂದೆ ಬಿಳಿಯ. ತಾಯಿ, ಚಿತ್ರಗಳ ಪಟ್ಟಿಯೊಂದನ್ನು ನೋಡಿ ಅವನು ಮದುವೆಯಾಗಿ ತಂದ ಚೀನಾದ ಬಡ ಹೆಣ್ಣು. ಮಗು ಅತ್ತಾಗ ತಾಯಿ ಉಡುಗೊರೆ ಸುತ್ತುವ ಕಾಗದವನ್ನು ಮಡಿಸಿ ಹುಲಿಯನ್ನು ಮಾಡಿ ಉಸಿರು ಊದುತ್ತಾಳೆ. ಹುಲಿ ಜೀವ ತಳೆದು ಓಡಾಡುತ್ತದೆ. ಆಮೇಲೆ ಎಮ್ಮೆ, ಜಿಂಕೆ, ಹೀಗೆ ಒಂದು ಮನೆತುಂಬ ಪ್ರಾಣಿಗಳು.

ಹುಡುಗ ಶಾಲೆಗೆ ಹೋಗುತ್ತಾನೆ. ಜೊತೆಯ ಹುಡುಗನೊಬ್ಬ ಆ ಕಾಗದದ ಹುಲಿಯನ್ನು ನೋಡಿ ಹೀಯಾಳಿಸುತ್ತಾನೆ. ಅಂದಿನಿಂದ ಜ್ಯಾಕ್ ತಾಯಿಗೆ ಷರತ್ತು ಹಾಕುತ್ತಾನೆ: ಇಂಗ್ಲಿಷಿನಲ್ಲಿ ಮಾತಾಡಿದರೆ ಮಾತ್ರ ಉತ್ತರ. ತಾಯಿ ಪ್ರಯತ್ನಿಸುತ್ತಾಳೆ, ತಡವರಿಸುತ್ತಾಳೆ, ಕೊನೆಗೆ ಮಾತನ್ನೇ ಕಡಿಮೆ ಮಾಡುತ್ತಾಳೆ. ಪ್ರಾಣಿಗಳು ಪೆಟ್ಟಿಗೆ ಸೇರಿ ಮಹಡಿಗೆ ಹೋಗುತ್ತವೆ. ಮಗ ಕಾಲೇಜಿನಲ್ಲಿರುವಾಗ ತಾಯಿ ಕಾಯಿಲೆ ಬಿದ್ದು ತೀರಿಕೊಳ್ಳುತ್ತಾಳೆ. ಎರಡು ವರ್ಷಗಳ ಮೇಲೆ, ಚೀನೀಯರು ಸತ್ತವರನ್ನು ನೆನೆಯುವ ಚಿಂಗ್‌ಮಿಂಗ್ ಹಬ್ಬದ ದಿನ, ಆ ಹುಲಿ ಮತ್ತೆ ಚಲಿಸಿ ಅವನ ಮುಂದೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಾಗದದ ಒಳಮೈಯಲ್ಲಿ ತಾಯಿಯ ಕೈಬರಹ, ಚೀನೀ ಅಕ್ಷರದಲ್ಲಿ. ಅವನಿಗೆ ಓದಲು ಬರುವುದಿಲ್ಲ.

ಜ್ಯಾಕ್ ಪೇಟೆಗೆ ಹೋಗಿ, ಚೀನಾದಿಂದ ಬಂದ ಪ್ರವಾಸಿಗಳು ಇಳಿಯುವಲ್ಲಿ ನಿಂತು, ನಿಮಗೆ ಚೀನೀ ಓದಲು ಬರುತ್ತದೆಯೇ ಎಂದು ಒಬ್ಬೊಬ್ಬರನ್ನೂ ಕೇಳುತ್ತಾನೆ. ಗುರುತಿಲ್ಲದ ಒಬ್ಬ ಯುವತಿ ಅವನ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದಿ ಹೇಳುತ್ತಾಳೆ. ತಾಯಿ ಯಾವ ಹಳ್ಳಿಯವಳು, ಅವಳ ತಂದ��ತಾಯಿಗಳು ಏನಾದರು, ಹುಡುಗಿಯಾಗಿದ್ದಾಗ ಅವಳನ್ನು ಯಾರು ಮಾರಿದರು, ಮಗನು ತನ್ನ ಭಾಷೆಯಲ್ಲಿ ಮೊದಲು ತೊದಲಿದಾಗ ಅವಳಿಗೆ ಎಷ್ಟು ಹಿಗ್ಗಾಯಿತು ಎಂಬುದನ್ನೆಲ್ಲ ಮಗನು ಕೇಳುವುದು ಆ ಅಪರಿಚಿತಳ ಬಾಯಿಂದ. ಓದಿ ಮುಗಿದ ಮೇಲೆ ಪ್ರೀತಿ ಎಂಬುದಕ್ಕೆ ಚೀನೀಯರಲ್ಲಿರುವ ಅಕ್ಷರವನ್ನು ಬರೆದು ತೋರಿಸೆಂದು ಅವಳನ್ನು ಕೇಳುತ್ತಾನೆ. ತಾಯಿಯ ಪತ್ರದ ಕೆಳಗೆ ಅದೊಂದು ಅಕ್ಷರವನ್ನು ಮತ್ತೆ ಮತ್ತೆ ಬರೆದು, ಮಡಿಕೆಗಳ ಗುರುತು ಹಿಡಿದು ಕಾಗದವನ್ನು ಮೊದಲಿನಂತೆಯೇ ಮಡಿಸಿ, ಹುಲಿಯನ್ನು ತೋಳಿನ ಮಡಿಲಲ್ಲಿಟ್ಟುಕೊಂಡು ಮನೆಯ ದಾರಿ ಹಿಡಿಯುತ್ತಾನೆ.